ಬೆಂಗಳೂರಿನ ಬಾಡಿಗೆಗೆ ಹಳ್ಳಿಮೈಸೂರಿನ ರಾಗಿ

ಸಂಬಳ ಪೀಣ್ಯದ್ದು, ಮನೆ ಲಗ್ಗೆರೆಯದ್ದು. ತಿಂಗಳ ಕೊನೆಗೆ ಬೀಳುವ ಕೊರತೆ ಮಾತ್ರ ಹೊಳೆನರಸೀಪುರ ತಾಲ್ಲೂಕಿನ ಹೊಲದ್ದು. ಅಡ್ವಾನ್ಸು, ಟ್ಯಾಂಕರು, ಟ್ರಾಫಿಕ್ಕು, ಮನೆ ಹುಡುಕುವಾಗಿನ ಅವಮಾನ... ರಾಜಧಾನಿಯ ದುಬಾರಿ ಬದುಕಿಗೆ ಹಳ್ಳಿ ಎಷ್ಟು ತೆರುತ್ತಿದೆ?

ಹೊಸತೊಡಕಿನ ಮರುದಿನ, ಇನ್ನೂ ನಸುಕು. ಹಳ್ಳಿಮೈಸೂರಿನ ಸುತ್ತಲಿನ ಊರುಗಳಲ್ಲಿ ಕೋಳಿ ಕೂಗುವ ಮೊದಲೇ ಮನೆಮನೆಯ ದೀಪ ಹತ್ತಿವೆ. ಜಗಲಿಯ ಮೇಲೆ ಚೀಲಗಳು ಕಾದು ಕೂತಿವೆ. ಒಂದರಲ್ಲಿ ಮಿಲ್ಲಿಗೆ ಹಾಕಿಸಿ ತಂದ ರಾಗಿ ಹಿಟ್ಟು, ಇನ್ನೊಂದರಲ್ಲಿ ಸುಲಿದ ತೆಂಗಿನಕಾಯಿ. ಹೊಸ ಹುಣಸೆಹಣ್ಣು, ಒಣಗಿದ ಅವರೆಕಾಳು, ಹುರುಳಿ, ಈ ಬೇಸಿಗೆಯಲ್ಲಿ ಕುಟ್ಟಿಸಿದ ಕಾರದಪುಡಿ, ಸ್ಟೀಲ್ ಡಬ್ಬಿಯಲ್ಲಿ ತುಪ್ಪ.

ಟ್ಯಾಕ್ಸಿ ಓಡಿಸುವ ಮಗ ಹಳದಿ ಬೋರ್ಡಿನ ಕಾರು ತಂದಿದ್ದರೆ ಡಿಕ್ಕಿ ಭರ್ತಿ. ಇಲ್ಲದವರ ಚೀಲಗಳು ಆಟೊ ಹತ್ತಿ ಹೊಳೆನರಸೀಪುರದ ಬಸ್ ನಿಲ್ದಾಣ ಸೇರುತ್ತವೆ. ಅಲ್ಲಿ ಚನ್ನರಾಯಪಟ್ಟಣದ ಮೇಲೆ ಬೆಂಗಳೂರಿಗೆ ಹೋಗುವ ಬಸ್ಸಿಗೆ ಆಗಲೇ ನೂಕುನುಗ್ಗಲು. ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವವರು, ಮಗುವನ್ನು ಮೊದಲು ಒಳಗೆ ದಾಟಿಸುವವರು.

‘ಇನ್ನೊಂದು ದಿನ ಇದ್ದು ಹೋಗ್ರಪ್ಪಾ’ ಎನ್ನುತ್ತಾಳೆ ತಾಯಿ.

‘ರಜ ಇಲ್ಲ ಕಣವ್ವಾ’ ಎನ್ನುತ್ತಾನೆ ಮಗ.

ಆ ಚೀಲಗಳನ್ನು ತವರಿನ ಪ್ರೀತಿ ಎಂದು ಕರೆಯುವುದು ರೂಢಿ. ಪ್ರೀತಿ ಇದೆ, ಅದರಲ್ಲಿ ಅನುಮಾನ ಬೇಡ. ಜೊತೆಗೆ ಒಂದು ಲೆಕ್ಕವೂ ಇದೆ. ಮುಂದಿನ ಎರಡು ತಿಂಗಳು ಆ ಮನೆಯ ಮುದ್ದೆಗೆ, ಸಾರಿಗೆ ಬೆಂಗಳೂರಿನ ಅಂಗಡಿಯಲ್ಲಿ ದುಡ್ಡು ಬಿಚ್ಚಬೇಕಿಲ್ಲ. ಅಷ್ಟು ಉಳಿದರೆ ಮಾತ್ರ ಬಾಡಿಗೆಯೂ ಮಗುವಿನ ಶಾಲೆಯ ಕಂತೂ ಸರಿದೂಗುತ್ತವೆ. ಕಾರ್ಖಾನೆ ಕೊಡುವ ಸಂಬಳದಲ್ಲಿ ಬೆಂಗಳೂರಿನ ಬಾಳು ಪೂರ್ತಿಯಾಗುವುದಿಲ್ಲ. ಉಳಿದದ್ದನ್ನು ಹಳ್ಳಿ ತುಂಬಿಕೊಡುತ್ತದೆ. ಇದನ್ನು ಯಾವ ಬಜೆಟ್ಟೂ ಲೆಕ್ಕಕ್ಕೆ ಹಿಡಿದಿಲ್ಲ.

ಒಂದೇ ಬೆಳಗ್ಗೆ ಎಷ್ಟೊಂದು ಏರಿಕೆ

2025ರ ಯುಗಾದಿ ಮಾರ್ಚ್ 30ರ ಭಾನುವಾರ ಬಂದಿತ್ತು. ಸೋಮವಾರ ಹೊಸತೊಡಕು, ಅದೇ ದಿನ ರಂಜಾನ್ ರಜೆ. ಬೆಂಗಳೂರಿನಲ್ಲಿ ದುಡಿಯುವವರಿಗೆ ಸಲೀಸಾಗಿ ಎರಡು ದಿನ ಊರಲ್ಲಿ ಸಿಕ್ಕವು. ಮಂಗಳವಾರ ವಾಪಸು ಹೋಗಿ ಬಾಗಿಲು ತೆರೆಯುವ ಹೊತ್ತಿಗೆ ತಾರೀಕು ಏಪ್ರಿಲ್ 1.

ಆ ದಿನದಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಜಾಸ್ತಿ. ವಿದ್ಯುತ್ತಿಗೆ ಯೂನಿಟ್ಟಿಗೆ 36 ಪೈಸೆ ಹೊಸ ಸರ್‌ಚಾರ್ಜು. ಡೀಸೆಲ್ ಮೇಲಿನ ಮಾರಾಟ ತೆರಿಗೆ ಶೇ 18.44ರಿಂದ ಶೇ 21.17ಕ್ಕೆ. ಬೆಂಗಳೂರಿನ ಕಟ್ಟಡಗಳಿಗೆ ಕಸದ ಶುಲ್ಕ ಬೇರೆ. ಅದು ಮನೆ ಮಾಲೀಕರ ಆಸ್ತಿ ತೆರಿಗೆಯ ಜೊತೆ ಬರುವಂಥದ್ದು. ಮಾಲೀಕರ ಮೇಲೆ ಬಿದ್ದ ಭಾರ ಬಾಡಿಗೆದಾರರ ತಲೆಗೆ ಇಳಿಯಲು ಎಷ್ಟು ದಿನ ಬೇಕು?

ಜನವರಿ 5ರಿಂದಲೇ ಸರ್ಕಾರಿ ಬಸ್ ದರ ಶೇ 15ರಷ್ಟು ಏರಿತ್ತು. ಫೆಬ್ರುವರಿ 9ಕ್ಕೆ ಮೆಟ್ರೊ ಗರಿಷ್ಠ ದರ 60ರಿಂದ 90 ರೂಪಾಯಿಗೆ ಹೋಯಿತು. ಜನ ಕೂಗಾಡಿದ ಮೇಲೆ ಕೆಲವು ದೂರಗಳಿಗಷ್ಟೇ ಸ್ವಲ್ಪ ಇಳಿಸಿದರು. ಏಪ್ರಿಲ್ ಎರಡನೇ ವಾರ ಕಾವೇರಿ ನೀರಿನ ದರವೂ ಏರಿತು. 2014ರ ನಂತರ ಅದು ಮೊದಲ ಏರಿಕೆ.

ಹಾಲಿನ ನಾಲ್ಕು ರೂಪಾಯಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಆ ಹೆಚ್ಚಳವನ್ನು ಪೂರ್ತಿ ಹಾಲು ಉತ್ಪಾದಕರಿಗೇ ಕೊಡುವುದಾಗಿ ಸರ್ಕಾರ ಹೇಳಿತು. ಲಗ್ಗೆರೆಯ ಅಂಗಡಿಯಲ್ಲಿ ಮಗ ಹೆಚ್ಚಿಗೆ ಕೊಟ್ಟ ನಾಲ್ಕು ರೂಪಾಯಿ ಊರಿನ ಡೇರಿಯಲ್ಲಿ ಅವನ ತಾಯಿಯ ಬಟವಾಡೆಗೆ ಸೇರಬೇಕು. ಆ ಬಟವಾಡೆಯ ದುಡ್ಡನ್ನೇ ಮುಂದೆ ಅವಳು ಮೊಮ್ಮಗಳ ಶಾಲೆಯ ಫೀಸಿಗೆಂದು ಮಗನ ಕೈಗಿಡುತ್ತಾಳೆ. ಊರಿನದೊಂದು ಒಲೆ, ಬೆಂಗಳೂರಿನದೊಂದು ಒಲೆ, ಆದರೆ ಜಮಾ-ಖರ್ಚಿನ ಪುಸ್ತಕ ಒಂದೇ. ಹಾಲಿನ ದರದ ಬಗ್ಗೆ ಪಟ್ಟಣದವರು ಒಂದು ಪಕ್ಷ, ರೈತರು ಇನ್ನೊಂದು ಪಕ್ಷ ಎಂದು ವಾದಿಸುವವರಿಗೆ ಇಂಥ ಮನೆಗಳು ಕಣ್ಣಿಗೆ ಬಿದ್ದೇ ಇಲ್ಲ.

*

■ ಹತ್ತು ವರ್ಷದಲ್ಲಿ ಎರಡು ಜಿಲ್ಲೆ

ಹಾಸನ ಜಿಲ್ಲೆ: 2001ರ ಜನಗಣತಿಯಲ್ಲಿ 17.21 ಲಕ್ಷ, 2011ರಲ್ಲಿ 17.76 ಲಕ್ಷ. ಬೆಳವಣಿಗೆ ಶೇ 3ರ ಆಸುಪಾಸು.

ಬೆಂಗಳೂರು ನಗರ ಜಿಲ್ಲೆ: 2001ರಲ್ಲಿ 65.37 ಲಕ್ಷ, 2011ರಲ್ಲಿ 96.21 ಲಕ್ಷ. ಬೆಳವಣಿಗೆ ಶೇ 47.

*

ಹತ್ತು ತಿಂಗಳ ಅಡ್ವಾನ್ಸು

ಹಾಸನ, ಮಂಡ್ಯ, ತುಮಕೂರು ಕಡೆಯವರು ಬೆಂಗಳೂರಿನ ಪಡುವಣ ದಿಕ್ಕಿನಲ್ಲೇ ಹೆಚ್ಚು. ತುಮಕೂರು ರಸ್ತೆ, ಮಾಗಡಿ ರಸ್ತೆಯ ಅಕ್ಕಪಕ್ಕ. ಪೀಣ್ಯ, ದಾಸರಹಳ್ಳಿ, ಲಗ್ಗೆರೆ, ಸುಂಕದಕಟ್ಟೆ, ಕಾಮಾಕ್ಷಿಪಾಳ್ಯ. ಊರಿನ ಬಸ್ಸು ಬಂದಿಳಿಯುವ ದಾರಿಯಲ್ಲೇ ಕಾರ್ಖಾನೆ, ಕಾರ್ಖಾನೆಯ ಪಕ್ಕದಲ್ಲೇ ಗಾರ್ಮೆಂಟ್ಸು. ಮೊದಲು ಹೋದ ಭಾವಮೈದ ನಂತರ ಬಂದವನಿಗೆ ಕೋಣೆ ತೋರಿಸಿದ, ಅವನು ತನ್ನ ಊರಿನ ಮತ್ತಿಬ್ಬರಿಗೆ ತೋರಿಸಿದ. ಹೀಗೆ ಒಂದೊಂದು ಬೀದಿಯಲ್ಲಿ ಒಂದೊಂದು ಹೋಬಳಿ ನೆಲೆಯಾಯಿತು.

ಅಲ್ಲಿ ಮನೆ ಹಿಡಿಯುವುದೆಂದರೆ ಮೊದಲು ಅಡ್ವಾನ್ಸು ಹೊಂದಿಸುವುದು. ಬೆಂಗಳೂರಿನಲ್ಲಿ ಬಹುಕಾಲದಿಂದ ಬೇರೂರಿದ ರೂಢಿ ಹತ್ತು ತಿಂಗಳ ಬಾಡಿಗೆ. ಈಚೆಗೆ ಕೆಲವರು ಐದಾರು ತಿಂಗಳಿಗೆ ಒಪ್ಪುತ್ತಾರೆ. ಕೆಲವರು ಹತ್ತರಿಂದ ಕದಲುವುದಿಲ್ಲ.

ತಿಂಗಳಿಗೆ 12 ಸಾವಿರ ಬಾಡಿಗೆಯ ಒಂದು ಮನೆಯನ್ನೇ ಇಟ್ಟುಕೊಳ್ಳಿ. ಹತ್ತು ತಿಂಗಳಿಗೆ 1 ಲಕ್ಷ 20 ಸಾವಿರ. ಈ ದುಡ್ಡನ್ನು ರಾಗಿಯಲ್ಲಿ ಅಳೆದು ನೋಡಿ. 2025-26ಕ್ಕೆ ಕೇಂದ್ರ ಸರ್ಕಾರ ರಾಗಿಗೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ. ಆ ಲೆಕ್ಕದಲ್ಲಿ ಅಡ್ವಾನ್ಸಿನ ಬೆಲೆ ಇಪ್ಪತ್ತನಾಲ್ಕೂವರೆ ಕ್ವಿಂಟಲ್ ರಾಗಿ. ಮಳೆ ನಂಬಿದ ಹೊಲದಲ್ಲಿ ಎಕರೆಗೆ ಹತ್ತು ಕ್ವಿಂಟಲ್ ಬಂದರೆ ಅದು ಒಳ್ಳೆಯ ಬೆಳೆ. ಹಾಗಾಗಿ ಸುಮಾರು ಎರಡೂವರೆ ಎಕರೆಯ ಇಡೀ ವರ್ಷದ ಫಸಲು, ಬೀಜ-ಗೊಬ್ಬರದ ಖರ್ಚನ್ನೂ ಕಳೆಯದೆ, ಬೆಂಗಳೂರಿನ ಮನೆ ಮಾಲೀಕರ ಹತ್ತಿರ ಬಡ್ಡಿಯಿಲ್ಲದೆ ಕೂತಿರುತ್ತದೆ. ಕೃಷಿ ಗಣತಿಯ ಪ್ರಕಾರ (2015-16) ಕರ್ನಾಟಕದ ಸರಾಸರಿ ಹಿಡುವಳಿಯೇ 1.36 ಹೆಕ್ಟೇರ್, ಅಂದರೆ ಮೂರೂಕಾಲು ಎಕರೆಗೆ ಸ್ವಲ್ಪ ಹೆಚ್ಚು.

ಆ ದುಡ್ಡು ಎಲ್ಲಿಂದ ಹುಟ್ಟುತ್ತದೆ? ಈ ಸೀಮೆಯಲ್ಲಿ ಅದಕ್ಕೆ ಕೆಲವೇ ದಾರಿ. ಹೊಗೆಸೊಪ್ಪು ಬೆಳೆದವರು ರಾಮನಾಥಪುರದ ಹರಾಜು ಮಾರುಕಟ್ಟೆಯ ಬಿಲ್ಲಿಗೆ ಕಾಯುತ್ತಾರೆ. ಸೆಪ್ಟೆಂಬರ್ ಹೊತ್ತಿಗೆ ಹರಾಜು ಶುರುವಾದರೆ ಸೊಪ್ಪು ಹದಮಾಡುವ ಬ್ಯಾರನ್ನಿನ ಸೌದೆಯ ಸಾಲ, ಆಳಿನ ಕೂಲಿ, ಬ್ಯಾಂಕಿನ ಬೆಳೆಸಾಲ ಎಲ್ಲಾ ಕಳೆದು ಮಿಕ್ಕಿದ್ದು ಮಗನ ಅಡ್ವಾನ್ಸಿಗೆ. ಆಲೂಗೆಡ್ಡೆ ನಂಬಿದವರನ್ನು ಅಂಗಮಾರಿ ರೋಗ ಎಷ್ಟೋ ವರ್ಷ ಬರಿಗೈ ಮಾಡಿದೆ. ಶುಂಠಿಯ ದರ ಒಂದು ವರ್ಷ ಇದ್ದಂತೆ ಇನ್ನೊಂದು ವರ್ಷ ಇರುವುದಿಲ್ಲ. ಇದ್ಯಾವುದೂ ಕೈಹಿಡಿಯದಿದ್ದರೆ ಚೀಟಿ ಎತ್ತಬೇಕು, ಇಲ್ಲವೇ ಹೆಂಡತಿಯ ಸರ ಬ್ಯಾಂಕಿಗೆ ಹೋಗಬೇಕು. ಒಡವೆ ಅಡವಿಟ್ಟು ತಂದ ದುಡ್ಡಿಗೆ ಇವರು ಬಡ್ಡಿ ಕಟ್ಟುತ್ತಾರೆ. ಅದೇ ದುಡ್ಡಿಗೆ ಮನೆ ಮಾಲೀಕರಿಂದ ಇವರಿಗೆ ಬಡ್ಡಿ ಇಲ್ಲ.

ಮನೆ ಬಿಡುವ ದಿನದ ಸಂಕಟ ಬೇರೆಯೇ. ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಅಲ್ಲಿನ ಪದ್ಧತಿ. ಗೋಡೆಗೆ ಮೊಳೆ ಹೊಡೆದಿದ್ದಕ್ಕೆ, ನಲ್ಲಿ ಸಡಿಲವಾಗಿದ್ದಕ್ಕೆ ಮತ್ತಷ್ಟು. ‘ಹೊಸ ಬಾಡಿಗೆಯವರು ಬಂದು ಅಡ್ವಾನ್ಸ್ ಕೊಟ್ಟ ಮೇಲೆ ನಿಮ್ಮದು ಕೊಡ್ತೀನಿ’ ಎಂಬ ಮಾತು ಕೇಳದವರು ಕಡಿಮೆ. ಹಳೆಯ ಮನೆಯ ದುಡ್ಡು ಕೈಗೆ ಬರುವ ಮೊದಲೇ ಹೊಸ ಮನೆಗೆ ಕಟ್ಟಬೇಕು. ಆ ನಡುವಿನ ಹದಿನೈದು ದಿನಕ್ಕೆ ಮತ್ತೆ ಊರಿಗೆ ಫೋನು.

ಕರಾರು ಪತ್ರ ಹನ್ನೊಂದೇ ತಿಂಗಳಿಗೆ ಏಕೆ? ವರ್ಷಕ್ಕೆ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಾಯಿಸಲೇಬೇಕು. ಅದರ ಖರ್ಚೂ ಓಡಾಟವೂ ಬೇಡವೆಂದು ಒಂದು ತಿಂಗಳು ಕಡಿಮೆ ಬರೆಯುತ್ತಾರೆ. ಇದರಿಂದ ಪ್ರತಿ ಹನ್ನೊಂದು ತಿಂಗಳಿಗೊಮ್ಮೆ ಬಾಡಿಗೆ ಏರಿಸಲು ಮಾಲೀಕರಿಗೆ ತಾನೇ ತಾನಾಗಿ ಒಂದು ದಿನ ಸಿಗುತ್ತದೆ. ನೋಂದಣಿಯಾಗದ ಕಾಗದ ಹಿಡಿದು ಅಡ್ವಾನ್ಸಿಗಾಗಿ ಕೋರ್ಟು ಹತ್ತಲು ಗಾರ್ಮೆಂಟ್ಸಿನ ಹೆಣ್ಣುಮಗಳಿಗೆ ಯಾರು ರಜೆ ಕೊಡುತ್ತಾರೆ?

*

■ ಅಡ್ವಾನ್ಸು: ಎಲ್ಲಿ ಎಷ್ಟು?

ಭಾರತ: 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಹೆಚ್ಚೆಂದರೆ 2 ತಿಂಗಳ ಬಾಡಿಗೆ. ರಾಜ್ಯಗಳು ತಮ್ಮದಾಗಿ ಮಾಡಿಕೊಂಡರೆ ಮಾತ್ರ ಇದಕ್ಕೆ ಬಲ.

ಇಂಗ್ಲೆಂಡ್: 2019ರ ಜೂನ್‌ನಿಂದ ಸಾಮಾನ್ಯ ಮನೆಗಳಿಗೆ 5 ವಾರದ ಬಾಡಿಗೆ. ಆ ಹಣವನ್ನು ಸರ್ಕಾರ ಒಪ್ಪಿದ ಯೋಜನೆಯ ರಕ್ಷಣೆಯಲ್ಲಿ ಇಡಬೇಕು.

ಜರ್ಮನಿ: 3 ತಿಂಗಳ ಬಾಡಿಗೆ. ಅದನ್ನು ಬೇರೆ ಖಾತೆಯಲ್ಲಿ ಇಡಬೇಕು, ಬಡ್ಡಿ ಬಾಡಿಗೆದಾರರದ್ದು.

*

‘ನೀವು ಯಾವ ಜನ?’

ದುಡ್ಡು ಹೊಂದಿಸಿಕೊಂಡು ಹೋದರೂ ಮನೆ ಸಿಗುತ್ತದೆ ಎನ್ನುವ ಖಾತ್ರಿ ಇಲ್ಲ. ‘ಟು ಲೆಟ್’ ಬೋರ್ಡ್ ನೋಡಿ ಗೇಟು ತಟ್ಟಿದವರಿಗೆ ಮೊದಲ ಪ್ರಶ್ನೆ ಊರು ಯಾವುದು ಎಂಬುದು. ಎರಡನೆಯದು ಎಷ್ಟು ಜನ ಇರುತ್ತೀರಿ. ಮೂರನೆಯದು, ಸ್ವಲ್ಪ ದನಿ ತಗ್ಗಿಸಿ, ‘ನೀವು ಯಾವ ಜನ?’

ಕೆಲವು ಬೋರ್ಡಿನಲ್ಲೇ ಬರೆದಿರುತ್ತದೆ, ಸಸ್ಯಾಹಾರಿಗಳಿಗೆ ಮಾತ್ರ ಎಂದು. ಹೊಸತೊಡಕಿನ ಬಾಡೂಟ ಉಣ್ಣಲೆಂದೇ ರಾತ್ರಿಯ ಬಸ್ಸಿನಲ್ಲಿ ಊರಿಗೆ ಬರುವ ಗಂಡ-ಹೆಂಡತಿ ಉಳಿದ ದಿನಗಳಲ್ಲಿ ಬೆಂಗಳೂರಿನ ಆ ಮನೆಯಲ್ಲಿ ಮೊಟ್ಟೆಯನ್ನೂ ಕಿಟಕಿ ಮುಚ್ಚಿ ಬೇಯಿಸುತ್ತಾರೆ. ತಾವು ಬಾಡಿಗೆ ಕೊಡುವ ಅಡುಗೆಮನೆಯಲ್ಲೇ ತಮ್ಮ ಊಟಕ್ಕೆ ಅಂಜಬೇಕಾದ ಬದುಕಿದು.

ದಲಿತ ಕುಟುಂಬಗಳ ಪಾಡು ಇದಕ್ಕಿಂತ ಕಠಿಣ. ಊರಿನಲ್ಲಿ ಎಲ್ಲರಿಗೂ ಕೇರಿ ಗೊತ್ತು, ಬೆಂಗಳೂರಿನಲ್ಲಿ ಯಾರಿಗೂ ಗೊತ್ತಿಲ್ಲ ಎಂಬ ನೆಮ್ಮದಿಗಾಗಿ ಬಂದವರು ಅವರು. ಆ ನೆಮ್ಮದಿ ಮನೆ ಹುಡುಕುವ ಹೊತ್ತಿಗೆ ಕರಗುತ್ತದೆ. ಕೆಲವರು ಜಾತಿ ಮರೆಮಾಚಿ ಮನೆ ಹಿಡಿಯುತ್ತಾರೆ. ಗೋಡೆಗೆ ಅಂಬೇಡ್ಕರ್ ಫೋಟೊ ಹಾಕಲು ಯೋಚಿಸುತ್ತಾರೆ, ಊರಿನಿಂದ ಬರುವ ನೆಂಟರಿಗೆ ಏನು ಹೇಳಬೇಕೆಂದು ಮೊದಲೇ ಹೇಳಿಕೊಟ್ಟಿರುತ್ತಾರೆ. ಮುಸ್ಲಿಂ ಹುಡುಗರಿಗಂತೂ ಬಹಳ ಕಡೆ ಹೆಸರು ಹೇಳಿದ ಕೂಡಲೇ ‘ಮನೆ ಆಗಲೇ ಹೋಯ್ತಲ್ಲ’ ಎಂಬ ಉತ್ತರ. ಪಟ್ಟಣದ ಖರ್ಚು ಎಂದಾಗ ನಾವು ರೂಪಾಯಿಯನ್ನಷ್ಟೇ ಎಣಿಸುತ್ತೇವೆ. ದಿನವೂ ತನ್ನ ಹೆಸರಿಗೆ ಅಂಜಿ ಬದುಕುವುದರ ಬೆಲೆ ನನಗಂತೂ ಅಡ್ವಾನ್ಸಿಗಿಂತ ಭಾರಿ ಎನಿಸುತ್ತದೆ.

ಹೇಮಾವತಿಯೂ ಬೆಂಗಳೂರಿಗೆ ಹೋದಳು

ಹೊಳೆನರಸೀಪುರದ ಹೊಳೆ ಹೇಮಾವತಿ. ಗೊರೂರಿನಲ್ಲಿ 1979ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟೆಯಿಂದ ಇಳಿದು, ಈ ತಾಲ್ಲೂಕನ್ನು ಹಾದು, ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ಅಲ್ಲಿಂದ ಮುಂದೆ ಹರಿದ ಕಾವೇರಿಯ ನೀರನ್ನು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧಮಾಡಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಮೇಲೆತ್ತಿ, ಸುಮಾರು ನೂರು ಕಿಲೊಮೀಟರ್ ದೂರದ ಬೆಂಗಳೂರಿಗೆ ತಲುಪಿಸುತ್ತಾರೆ. 1974ರಲ್ಲಿ ಮೊದಲ ಹಂತ ಬಂತು. 2024ರ ಅಕ್ಟೋಬರ್ 16ರಂದು ಐದನೇ ಹಂತ ಉದ್ಘಾಟನೆಯಾಯಿತು. ದಿನಕ್ಕೆ 77.5 ಕೋಟಿ ಲೀಟರ್, ಮುಖ್ಯವಾಗಿ 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆ.

ಹೊಳೆಯ ದಡದಲ್ಲಿ ಹುಟ್ಟಿ ಬೆಳೆದವರು ಬೆಂಗಳೂರಿನಲ್ಲಿ ದುಡ್ಡು ಕೊಟ್ಟು ಕುಡಿಯುವ ನೀರಿನಲ್ಲಿ ಅವರ ಹೊಳೆಯ ನೀರೂ ಇದೆ. ಅದಾದರೂ ನಲ್ಲಿಯಲ್ಲಿ ಬಂದರೆ ಸರಿ. 2024ರ ಬೇಸಿಗೆಯಲ್ಲಿ ಬರಲಿಲ್ಲ. ನಗರದ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಮುಖ್ಯಮಂತ್ರಿಗಳೇ ಹೇಳಿದರು. ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5 ಸಾವಿರ ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿತು. ವಠಾರಗಳಲ್ಲಿ ಬೆಳಗ್ಗೆ ಒಂದು ಗಂಟೆ, ಸಂಜೆ ಅರ್ಧ ಗಂಟೆ ಮೋಟರು. ಟ್ಯಾಂಕರ್ ಬಂದ ದಿನ ಪ್ರತಿ ಮನೆಗೂ ಹಂಚಿಕೆಯ ಲೆಕ್ಕ.

ಆ ಬೇಸಿಗೆಯಲ್ಲಿ ಎಷ್ಟೋ ಮನೆಗಳಲ್ಲಿ ಮಕ್ಕಳನ್ನೂ ಬಸುರಿಯರನ್ನೂ ಊರಿಗೆ ಕಳಿಸಿದರು. ಬರದ ವರ್ಷವಾದ್ದರಿಂದ ಊರಿನಲ್ಲೂ ನೀರು ತುಟ್ಟಿಯೇ. ಆದರೂ ಕೊಡ ಹಿಡಿದು ಹೋದರೆ ‘ಇವತ್ತು ನಿಮ್ಮ ಮನೆ ಸರದಿ ಅಲ್ಲ’ ಎನ್ನುವವರು ಅಲ್ಲಿ ಇರಲಿಲ್ಲ.

*

■ ಟ್ಯಾಂಕರ್ ದರ, ಮಾರ್ಚ್ 2024

ಬಾಯಿಗೆ ಬಂದ ದರ ಕೇಳತೊಡಗಿದಾಗ ಬೆಂಗಳೂರು ನಗರ ಜಿಲ್ಲಾಡಳಿತ ಗೊತ್ತುಮಾಡಿದ ಬೆಲೆ (5 ಕಿ.ಮೀ. ಒಳಗೆ): 6,000 ಲೀಟರಿಗೆ 600 ರೂಪಾಯಿ, 8,000 ಲೀಟರಿಗೆ 700, 12,000 ಲೀಟರಿಗೆ 1,000. ಜಿಎಸ್‌ಟಿ ಪ್ರತ್ಯೇಕ.

*

ನೆಲಮಂಗಲದಿಂದ ಈಚೆಗೆ

ಹಾಸನದಿಂದ ಬೆಂಗಳೂರಿಗೆ 185 ಕಿಲೊಮೀಟರ್ ಸುಮಾರು. ಹಿರೀಸಾವೆ, ಬೆಳ್ಳೂರು ಕ್ರಾಸ್, ಯಡಿಯೂರು, ಕುಣಿಗಲ್ ದಾಟುವವರೆಗೆ ಬಸ್ಸು ಓಡಿದ್ದೇ ತಿಳಿಯುವುದಿಲ್ಲ. ನೆಲಮಂಗಲದಿಂದ ಈಚೆಗೆ ಗಡಿಯಾರ ನೋಡುವುದು ಶುರು. ಹಬ್ಬ ಮುಗಿದ ಬೆಳಗ್ಗೆ ನಾಲ್ಕಾರು ಜಿಲ್ಲೆಗಳ ಜನ ಒಂದೇ ದಾರಿಯಲ್ಲಿ ನಗರದೊಳಕ್ಕೆ ಬರಬೇಕು. ಎಂಟನೇ ಮೈಲಿ, ಜಾಲಹಳ್ಳಿ ಕ್ರಾಸ್, ಗೊರಗುಂಟೆಪಾಳ್ಯ: ಒಂದೊಂದೂ ಒಂದೊಂದು ಗಂಟು.

2021ರ ಡಿಸೆಂಬರ್‌ನಲ್ಲಿ ಪೀಣ್ಯ ಮೇಲ್ಸೇತುವೆಯ ಕೇಬಲ್‌ಗಳಲ್ಲಿ ದೋಷ ಕಂಡಿತು. ಬಸ್ಸು, ಲಾರಿಗಳಿಗೆ ಅದು ಮತ್ತೆ ತೆರೆದದ್ದು 2024ರ ಜುಲೈ ಕೊನೆಗೆ. ಎರಡೂವರೆ ವರ್ಷ ಊರಿನ ಬಸ್ಸುಗಳೆಲ್ಲ ಕೆಳಗಿನ ರಸ್ತೆಯಲ್ಲಿ ತೆವಳಿದವು. ಅಷ್ಟು ದಿನ ಅಷ್ಟು ಜನ ಕಳೆದುಕೊಂಡ ಗಂಟೆಗಳಿಗೆ, ಕೆಲಸಕ್ಕೆ ತಡವಾಯಿತೆಂದು ಮುರಿದ ಅರ್ಧ ದಿನದ ಕೂಲಿಗೆ ಯಾರೂ ಉತ್ತರ ಕೊಡಲಿಲ್ಲ.

ಟಾಮ್‌ಟಾಮ್ ಸಂಸ್ಥೆಯ 2024ರ ಸಂಚಾರ ಸೂಚ್ಯಂಕದಲ್ಲಿ ಬೆಂಗಳೂರಿನಲ್ಲಿ ಹತ್ತು ಕಿಲೊಮೀಟರ್ ಸಾಗಲು ಸರಾಸರಿ 34 ನಿಮಿಷ. 2024ರ ನವೆಂಬರ್‌ನಲ್ಲಿ ಹಸಿರು ಮೆಟ್ರೊ ಮಾರ್ಗ ಮಾದಾವರದವರೆಗೆ ಬಂದ ಮೇಲೆ ತುಮಕೂರು ರಸ್ತೆಯವರಿಗೆ ಉಸಿರಾಡುವಂತಾಯಿತು. ಮೂರೇ ತಿಂಗಳಲ್ಲಿ ದರ ಏರಿ, ದಿನವೂ ಹೋಗಿ ಬರುವವರಲ್ಲಿ ಎಷ್ಟೋ ಜನ ಮತ್ತೆ ಬಿಎಂಟಿಸಿ ಬಸ್ಸಿಗೆ, ಬೈಕಿಗೆ ಮರಳಿದರು.

ಒಂದು ಬದಲಾವಣೆ ಮಾತ್ರ ಈ ಕುಟುಂಬಗಳ ಕೈಹಿಡಿದಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಅದರ ಮೊದಲು ವರ್ಷಕ್ಕೆರಡು ಸಲ ಬೆಂಗಳೂರು ಕಾಣುತ್ತಿದ್ದ ಅವ್ವ ಈಗ ಮೊಮ್ಮಗುವಿಗೆ ಜ್ವರ ಎಂದರೆ ಮಧ್ಯಾಹ್ನದ ಬಸ್ಸಿಗೇ ಹತ್ತುತ್ತಾಳೆ. ಮಗು ನೋಡಿಕೊಳ್ಳಲು ಆಳಿಟ್ಟರೆ ಸೊಸೆಯ ಗಾರ್ಮೆಂಟ್ಸ್ ಸಂಬಳದ ಬಹುಪಾಲು ಅಲ್ಲೇ ಮುಗಿಯುತ್ತದೆ. ಅವ್ವ ಬಂದರೆ ಆ ಸಂಬಳ ಉಳಿಯುತ್ತದೆ. ಅವಳು ಬೆಂಗಳೂರಿನಲ್ಲಿದ್ದಷ್ಟು ದಿನ ಊರಿನ ಹಸುವಿಗೆ ಹುಲ್ಲು ಹಾಕುವವರಿಲ್ಲ, ಅಪ್ಪನಿಗೆ ಬಿಸಿ ಮುದ್ದೆ ಇಲ್ಲ. ಹಳ್ಳಿ ತುಂಬಿಕೊಡುವ ಕೊರತೆಯಲ್ಲಿ ಇದೂ ಸೇರಿದೆ.

ಆದರೂ ಯಾಕೆ ಹೋಗುತ್ತಾರೆ?

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ, 2021ರ ಏಪ್ರಿಲ್‌ನಲ್ಲಿ ಮತ್ತೊಮ್ಮೆ ಬಾಗಿಲು ಮುಚ್ಚಿದಾಗ, ತುಮಕೂರು ರಸ್ತೆಯಲ್ಲಿ ಗ್ಯಾಸ್ ಸಿಲಿಂಡರು, ಹಾಸಿಗೆ, ಟಿ.ವಿ. ಕಟ್ಟಿಕೊಂಡ ಟೆಂಪೊಗಳ ಸಾಲು ನಿಂತಿತ್ತು. ಪಾಳುಬಿದ್ದ ಹೊಲಗಳನ್ನು ಆ ಮುಂಗಾರಿನಲ್ಲಿ ಉತ್ತರು. ಇನ್ನು ಬೆಂಗಳೂರಿನ ಸಹವಾಸ ಸಾಕು ಎಂದವರು ಬಹಳ. ಎರಡು ವರ್ಷ ಕಳೆಯುವಷ್ಟರಲ್ಲಿ ಹೆಚ್ಚಿನವರು ಅದೇ ಬೀದಿಗೆ ಹಿಂತಿರುಗಿದರು.

ಹೊಲ ಚಿಕ್ಕದು ಎಂಬುದು ಒಂದು ಕಾರಣ. ಇನ್ನೊಂದನ್ನು ಊರಿನಲ್ಲಿ ಎಲ್ಲರೂ ಹೇಳುತ್ತಾರೆ, ವರದಿಗಳಲ್ಲಿ ಕಾಣುವುದು ಕಡಿಮೆ: ಬೇಸಾಯ ಮಾಡುವ ಹುಡುಗನಿಗೆ ಹೆಣ್ಣು ಸಿಗುವುದಿಲ್ಲ. 2023ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆಯ ಕೆ.ಎಂ. ದೊಡ್ಡಿಯಿಂದ ಮದುವೆಯಾಗದ ರೈತ ಯುವಕರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟಿದ್ದರು. ಅದನ್ನು ವಿಚಿತ್ರ ಸುದ್ದಿಯಂತೆ ಓದಿ ಮರೆತವರು ಉಂಟು. ಹೊಳೆನರಸೀಪುರ, ಅರಕಲಗೂಡು ಕಡೆಯ ಮನೆಗಳಲ್ಲಿ ಯಾರಿಗೂ ಅದು ವಿಚಿತ್ರ ಎನಿಸಲಿಲ್ಲ. ನಾಲ್ಕೆಕರೆ ತೆಂಗಿನ ತೋಟ ಇದ್ದವನಿಗಿಂತ ಪೀಣ್ಯದಲ್ಲಿ ತಿಂಗಳ ಸಂಬಳ ಇದ್ದವನಿಗೆ ಮೊದಲು ಸಂಬಂಧ ಕುದುರುತ್ತದೆ. ಸಂಬಳದಲ್ಲಿ ಏನೂ ಉಳಿಯುವುದಿಲ್ಲ ಎಂದು ಹುಡುಗನಿಗೂ ಗೊತ್ತು, ಹೆಣ್ಣಿನ ಅಪ್ಪನಿಗೂ ಗೊತ್ತು.

ಆ ಹೆಣ್ಣುಮಗಳನ್ನೂ ದೂರಲಾಗದು. ಊರಿನ ಮನೆಯಲ್ಲಿ ಸೊಸೆಯಾಗಿ ಬಂದವಳಿಗೆ ಕೊಟ್ಟಿಗೆ, ಹೊಲ, ಅಡುಗೆ, ಎಲ್ಲವೂ ದುಡಿಮೆಯೇ. ಅದಕ್ಕೆ ಕೂಲಿ ಇಲ್ಲ. ಬೆಂಗಳೂರಿನ ಒಂದು ಕೋಣೆಯಲ್ಲಿ ಇಕ್ಕಟ್ಟಿದೆ, ಆದರೆ ತಿಂಗಳಿಗೊಮ್ಮೆ ಅವಳ ಹೆಸರಿನ ಖಾತೆಗೆ ದುಡ್ಡು ಬೀಳುತ್ತದೆ. 2016ರ ಏಪ್ರಿಲ್‌ನಲ್ಲಿ ಪಿ.ಎಫ್. ಹಣ ಹಿಂಪಡೆಯುವ ನಿಯಮ ಬಿಗಿಮಾಡಲು ಕೇಂದ್ರ ಹೊರಟಾಗ ಬೆಂಗಳೂರಿನ ರಸ್ತೆಗಿಳಿದು ಅದನ್ನು ಹಿಂದಕ್ಕೆ ತೆಗೆಸಿದ್ದು ಇಂಥ ಗಾರ್ಮೆಂಟ್ಸ್ ಹೆಣ್ಣುಮಕ್ಕಳೇ. ಅವರಲ್ಲಿ ಹೆಚ್ಚಿನವರು ಹಳ್ಳಿಗಳಿಂದ ಬಂದವರು. ಊರಿಗೆ ವಾಪಸು ಹೋಗೋಣ ಎಂದು ಗಂಡ ಅಂದಾಗ ಬೇಡ ಎನ್ನುವುದು ಎಷ್ಟೋ ಮನೆಗಳಲ್ಲಿ ಹೆಂಡತಿ. ಅವಳ ಆ ಮಾತಿಗೆ ಕಾರಣ ಇದೆ.

ನನ್ನ ಸಿಟ್ಟು ಬೇರೆ ಕಡೆಗಿದೆ. 1996ರಲ್ಲಿ ದೇಶಕ್ಕೆ ಪ್ರಧಾನಿಯನ್ನು ಕೊಟ್ಟ ತಾಲ್ಲೂಕಿದು, ಎಚ್.ಡಿ. ದೇವೇಗೌಡರ ಹರದನಹಳ್ಳಿ ಇರುವುದು ಇಲ್ಲೇ. ಆಮೇಲೆ ಜಿಲ್ಲೆಗೆ ಏನೇನು ಬಂತು ನೋಡಿ. ಹಾಸನದಲ್ಲಿ ವೈದ್ಯಕೀಯ ಕಾಲೇಜು, ಮೊಸಳೆಹೊಸಹಳ್ಳಿಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ಹೊಳೆನರಸೀಪುರದಲ್ಲಿ ಗೃಹವಿಜ್ಞಾನ ಕಾಲೇಜು. ಹೆದ್ದಾರಿ ಅಗಲವಾಯಿತು. ಕುಣಿಗಲ್ ಮೇಲಿನ ರೈಲು ಮಾರ್ಗ 2017ರ ಮಾರ್ಚ್‌ನಲ್ಲಿ ಪೂರ್ಣಗೊಂಡು ಬೆಂಗಳೂರಿಗೆ ನೇರ ರೈಲು ಓಡಿತು. ಓದಿಸಲು ಕಟ್ಟಡ ಬಂದವು, ಹೊರಡಲು ದಾರಿ ಬಂದವು. ಓದಿದವರನ್ನು ಇಲ್ಲೇ ನಿಲ್ಲಿಸುವ ಕೆಲಸ ಅಷ್ಟಾಗಿ ಬರಲಿಲ್ಲ. ಹಾಸನದ ವಿಶೇಷ ಆರ್ಥಿಕ ವಲಯದಲ್ಲಿ ಹಿಮತ್‌ಸಿಂಗ್‌ಕಾ ಅವರ ಜವಳಿ ಕಾರ್ಖಾನೆಯಂಥ ಕೆಲವು ಇವೆ. ದಿನವೂ ಊರಿನಿಂದ ಹೋಗಿ ಬಂದು ದುಡಿಯುವವನಿಗೆ ಸಂಬಳ ಸ್ವಲ್ಪ ಕಡಿಮೆಯಾದರೂ ಅಡ್ವಾನ್ಸಿಲ್ಲ, ಟ್ಯಾಂಕರ್ ಇಲ್ಲ. ಅಂಥವು ಇನ್ನೂ ಹತ್ತು ಬೇಕಿತ್ತು.

ಮತ ಊರಿನಲ್ಲಿ, ಮನೆ ಬೆಂಗಳೂರಿನಲ್ಲಿ

ಕಾರ್ಖಾನೆಗಳು ನಾಳೆಯೇ ಬರಲಾರವು. ಅಡ್ವಾನ್ಸಿನ ಮಿತಿ ಮಾತ್ರ ಒಂದು ಅಧಿವೇಶನದಲ್ಲಿ ಆಗುವ ಕೆಲಸ. ಮಾದರಿ ಕಾಯ್ದೆಯ ಎರಡು ತಿಂಗಳ ಮಿತಿಯನ್ನು ಕರ್ನಾಟಕ ತನ್ನದಾಗಿ ಮಾಡಿಕೊಂಡರೆ 12 ಸಾವಿರ ಬಾಡಿಗೆಯ ಮನೆಗೆ 24 ಸಾವಿರ ಸಾಕು. ಉಳಿದ 96 ಸಾವಿರಕ್ಕೆ ಊರಿನಲ್ಲಿ ಒಂದು ಒಳ್ಳೆಯ ಕರಾವಿನ ಹಸು ಬರುತ್ತದೆ, ಇಲ್ಲವೇ ಅಡವಿಟ್ಟ ಸರ ಮನೆಗೆ ಬರುತ್ತದೆ.

ಇದನ್ನು ಕೇಳುವವರು ಯಾರು? ಬೆಂಗಳೂರಿನ ಶಾಸಕರಿಗೆ ಮತ ಹಾಕುವವರಲ್ಲಿ ಮನೆ ಮಾಲೀಕರದ್ದೇ ಗಟ್ಟಿ ದನಿ. ಬಾಡಿಗೆಯವರಲ್ಲಿ ಬಹಳ ಜನರ ವೋಟರ್ ಐಡಿ ಇನ್ನೂ ಊರಿನದ್ದು. ಹನ್ನೊಂದು ತಿಂಗಳಿಗೊಮ್ಮೆ ವಿಳಾಸ ಬದಲಾಗಬಹುದು ಎನ್ನುವವರು ಅದನ್ನು ಬದಲಿಸುವುದಾದರೂ ಹೇಗೆ? 2023ರ ಮೇ 10ರ ವಿಧಾನಸಭಾ ಚುನಾವಣೆಗೆ, 2024ರ ಏಪ್ರಿಲ್ 26ರ ಲೋಕಸಭಾ ಚುನಾವಣೆಗೆ ಹಿಂದಿನ ರಾತ್ರಿಯೇ ಮೆಜೆಸ್ಟಿಕ್ಕಿನಿಂದ, ಪೀಣ್ಯದಿಂದ ಬಸ್ಸು ತುಂಬಿಕೊಂಡು ಈ ಕಡೆ ಬಂದವರು ಇವರೇ. ಆ ದಿನ ಅವರ ಪ್ರಯಾಣದ ಬಗ್ಗೆ, ಊಟದ ಬಗ್ಗೆ ವಿಚಾರಿಸಿಕೊಳ್ಳಲು ಎಲ್ಲ ಪಕ್ಷಗಳವರೂ ನಿಂತಿದ್ದರು.

ಹಾಸನ ಜಿಲ್ಲೆಗೆ ವಿಧಾನಸಭೆಯಲ್ಲಿ ಏಳು ಜನ ಇದ್ದಾರೆ. ಲಗ್ಗೆರೆಯ ವಠಾರದಲ್ಲಿ ಸಿಕ್ಕಿಕೊಂಡಿರುವ ದುಡ್ಡು ಹೊಳೆನರಸೀಪುರ, ಅರಕಲಗೂಡು, ಶ್ರವಣಬೆಳಗೊಳ ಕ್ಷೇತ್ರಗಳ ಮತದಾರರದ್ದು. ಆದ್ದರಿಂದ ಬೆಂಗಳೂರಿನ ಬಾಡಿಗೆ ಕಾನೂನಿನ ಮಾತನ್ನು ಸದನದಲ್ಲಿ ಮೊದಲು ಎತ್ತಬೇಕಾದವರು ಈ ಏಳು ಜನ. ಮುಂದಿನ ಹಬ್ಬಕ್ಕೆ ಊರಿಗೆ ಬಂದವರು ತಮ್ಮ ಶಾಸಕರ ಮನೆಯ ಮುಂದೆ ನಿಂತು ರಸ್ತೆ, ಚರಂಡಿಯ ಜೊತೆಗೆ ಇದನ್ನೂ ಕೇಳಬೇಕು: ನಮ್ಮ ಅಡ್ವಾನ್ಸಿನ ಬಗ್ಗೆ ನೀವು ಯಾವ ಅಧಿವೇಶನದಲ್ಲಿ ಮಾತಾಡುತ್ತೀರಿ?